ನಾಲ್ಕನೆಯ ಕಂಬ

ತಿಮ್ಮಪ್ಪನ ಸುತ್ತಿಗೆ ಮೂರನೆಯ ಕಂಬಕ್ಕೆ ಬಿತ್ತು. ಬಾವಿಕಟ್ಟೆಯ ಬಳಿ ಅಕ್ಕಿ ತೊಳೆಯುತ್ತಿದ್ದ ಗಂಗಿ ಕೈಯನ್ನು ನೀರಿನಲ್ಲೇ ಬಿಟ್ಟು ಕಿವಿಗೊಟ್ಟಳು. ಟಣ್. ಗಟ್ಟಿ ಮರದ ಸದ್ದು. ಸ್ವಲ್ಪ ತಡೆದು ಅದೇ ಕಂಬಕ್ಕೆ ಇನ್ನೊಂದು ಪೆಟ್ಟು. ಮತ್ತೆ ಟಣ್.

ಇನ್ನು ನಾಲ್ಕನೆಯದು.

ಹಳ್ಳ ತುಂಬಿ ನಿಂತಿತ್ತು. ಅಮಾವಾಸ್ಯೆಯ ಭರತ, ಕಡಲಿನಿಂದ ಏರಿ ಬಂದ ನೀರು ಮರದ ಸೇತುವೆಯ, ಈ ಕಡೆಯವರು ಹೇಳುವ ಸಂಕದ, ಕಂಬಗಳನ್ನು ಅರ್ಧಕ್ಕಿಂತ ಹೆಚ್ಚು ಮುಳುಗಿಸಿ, ಮೇಲೂ ಹೋಗದೆ ಕೆಳಗೂ ಇಳಿಯದೆ ಸುಮ್ಮನಿತ್ತು. ಪಾತಿದೋಣಿಯಲ್ಲಿ ಇಬ್ಬರು. ಹಿಂದೆ ಗಳ ಊರಿ ದೋಣಿಯನ್ನು ಕಂಬಕ್ಕೆ ಒತ್ತಿ ಹಿಡಿದವನು ಭಟ್ಕಳದ ಪಾಂಡು ಮೇಸ್ತ್ರಿ. ಮುಂದೆ ಕಾಲಗಲಿಸಿ ನಿಂತು ಸುತ್ತಿಗೆ ಬೀಸುತ್ತಿದ್ದವನು ಕುಮಟೆಯ ತಿಮ್ಮಪ್ಪ ಮೇಸ್ತ್ರಿ. ಗಂಗಿಯ ಮಾವ ದುರ್ಗಪ್ಪ, ಹೊನ್ನಾವರದ ಕಡೆಯ ಮೇಸ್ತ್ರಿ, ಮೇಲೆ ಹಲಗೆಯ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ. ಸಂಕ ಅವನ ಉಸ್ತುವಾರಿಯದು. ತನ್ನ ಸಂಕವನ್ನು ತಾನು ಹೊಡೆದು ನೋಡಬಾರದು ಎನ್ನುವುದು ಮೂವರೂ ಸೇರಿ ಮಾಡಿಕೊಂಡ ಕಟ್ಟಳೆ.

ದೋಣಿ ನಾಲ್ಕನೆಯ ಕಂಬಕ್ಕೆ ಸರಿಯಿತು. ಈ ಕಂಬದ ಗುಟ್ಟು ಸಿಕ್ಕಿಬೀಳಲಿ ಎಂದು ಗಂಗಿ ಒಳಗೊಳಗೇ ಬೇಡಿಕೊಂಡಳು. ಅವರಿಗೇ ಸಿಕ್ಕಿಬಿಟ್ಟರೆ ತಾನು ಬಾಯಿ ತೆರೆಯಬೇಕಾಗಿಲ್ಲ.

ಟಣ್.

"ಇದೂ ಗಟ್ಟಿ," ಎಂದ ತಿಮ್ಮಪ್ಪ.

"ಗಟ್ಟಿ ಇಲ್ದೆ ಮತ್ತೆಂತ? ಜಂಬೆ ಮರ ಅದು," ಎಂದ ದುರ್ಗಪ್ಪ ಮೇಲಿಂದ.

"ನೀ ಮಾತಾಡೂ ಹಾಂಗಿಲ್ಲ ದುರ್ಗಪ್ಪಣ್ಣ. ಇವತ್ತು ನೀ ಬರೀ ನೆಂಟ," ಎಂದು ಪಾಂಡು ಗಳ ಎತ್ತಿದ. ದೋಣಿ ಐದನೆಯ ಕಂಬದ ಕಡೆಗೆ ಹೊರಟಿತು.

ಗಂಗಿ ಅಕ್ಕಿಯ ನೀರು ಬಸಿದಳು. ನಾಲ್ಕು ಕಾಳು ಕಲ್ಲಿನ ಮೇಲೆ ಬಿದ್ದವು. ಒಂದೊಂದಾಗಿ ಹೆಕ್ಕಿ ಪಾತ್ರೆಗೆ ಹಾಕಿದಳು. ಆ ದಿನಗಳಲ್ಲಿ ಬಿದ್ದ ಅಕ್ಕಿಯನ್ನು ಬಿಟ್ಟು ಏಳುವವರು ಯಾರೂ ಇರಲಿಲ್ಲ.

ಯುದ್ಧ ಸುರುವಾಗಿ ಐದು ವರ್ಷ ಕಳೆದಿತ್ತು. ಡಾಂಬರು, ಸಿಮೆಂಟು, ಕಬ್ಬಿಣದ ಬೋಲ್ಟು ಎಲ್ಲವೂ ಎಲ್ಲಿಗೋ ಹೋಗುತ್ತಿದ್ದವು. ಕರಾವಳಿಯ ಸಂಕಗಳಿಗೆ ಮಾತ್ರ ಬರುತ್ತಿರಲಿಲ್ಲ. ಹೋದ ವರ್ಷದ ಮಳೆಯಲ್ಲಿ ದೂರದ ಒಂದು ಹಳ್ಳದ ಸಂಕ ಎತ್ತಿನಗಾಡಿಯ ಸಮೇತ ಕುಸಿದಿತ್ತು. ಗಾಡಿಯವನ ಕಾಲು ಮುರಿಯಿತು, ಒಂದು ಎತ್ತು ಸತ್ತಿತು. ಅದರ ಮೇಸ್ತ್ರಿ ಪ್ರತಿ ವರ್ಷವೂ ತಪ್ಪದೆ ಸರಿಯಿದೆ ಎಂದು ಬರೆದುಕೊಟ್ಟವನೇ. ಆ ಸುದ್ದಿ ಕೇಳಿದ ಮೇಲೆ ತಿಮ್ಮಪ್ಪ ಕುಮಟೆಯಿಂದ ನಡೆದು, ಹೊಳೆ ದಾಟಿ, ಈ ಮನೆಯ ಜಗಲಿಗೆ ಬಂದು ಕೂತು ಹೇಳಿದ್ದು ಗಂಗಿಗೆ ಇನ್ನೂ ನೆನಪಿತ್ತು.

"ದಿನಾ ನೋಡೂ ಸಂಕ ನಮ್ಮ ಕಣ್ಣಿಗೆ ಕಾಣೂದಿಲ್ಲ ಮಾರಾಯಾ. ನಿನ್ನದು ನಾ ನೋಡ್ತೆ, ನನ್ನದು ನೀ ನೋಡು. ಭಟ್ಕಳದ ಪಾಂಡುಗೂ ಹೇಳ್ವ. ದೋಣಿ ಕಟ್ಟೂವರ ಮನೆಯವ ಅವ, ಮರದ ಗುಣ ಗೊತ್ತದೆ."

ಹಾಗೆ ಸುರುವಾದದ್ದು. ಭಾದ್ರಪದದ ಅಮಾವಾಸ್ಯೆಗೆ ಕುಮಟೆಯ ಕಡೆ ಕಾಗಾಲದಲ್ಲಿದ್ದ ತಿಮ್ಮಪ್ಪನ ಸಂಕ, ಆಶ್ವೀಜದ ಹುಣ್ಣಿಮೆಗೆ ಭಟ್ಕಳದಲ್ಲಿ ಪಾಂಡುವಿನದು, ಈಗ ಕಾರ್ತಿಕದ ಅಮಾವಾಸ್ಯೆಗೆ ಇಲ್ಲಿಯದು. ಕಾಸರಕೋಡಿನಿಂದ ಭಟ್ಕಳದ ಕಡೆಗೆ ಹೋಗುವ ದಾರಿಯಲ್ಲಿ, ಉಪ್ಪುನೀರಿನ ಹಳ್ಳಕ್ಕೆ ಹಾಕಿದ ಹನ್ನೆರಡು ಕಂಬದ ಮರದ ಸಂಕ. ಪಕ್ಕದಲ್ಲೇ ಮೇಸ್ತ್ರಿಯ ಮನೆ. ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎಂಬುದೂ ತಾನಾಗಿ ರೂಢಿಗೆ ಬಂತು. ಪಾಂಡು ಮರಕ್ಕೆ ಹಚ್ಚುವ ಮೀನೆಣ್ಣೆ ಒಂದು ಡಬ್ಬ ತಂದಿದ್ದ. ತಿಮ್ಮಪ್ಪ ಚಿಪ್ಪಿ ಸುಟ್ಟ ಸುಣ್ಣದ ಚೀಲ ಹೊತ್ತು ತಂದಿದ್ದ. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇರುತ್ತಿತ್ತು.

ಇವತ್ತಿನ ನೋಟಕ್ಕೆ ಇನ್ನೊಂದು ತೂಕವೂ ಇತ್ತು. ಹೊನ್ನಾವರದ ರೇಶನ್ ಅಂಗಡಿಯಲ್ಲಿ ಮೂರು ವಾರದಿಂದ ಅಕ್ಕಿಯಿಲ್ಲ. ಭಟ್ಕಳದ ಬಂದರಿಗೆ ಹಾಯಿಯ ಮಚ್ವೆಯಲ್ಲಿ ಬಂದಿಳಿದ ಅಕ್ಕಿಯನ್ನು, ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನಿಂದ ಓಡಿಸುವ ಲಾರಿಯಲ್ಲಿ ನಾಳೆ ಬೆಳಿಗ್ಗೆ ತರುವುದೆಂದು ಆಗಿತ್ತು. ಈ ಸಂಕದ ಮೇಲೆ ಈವರೆಗೆ ಗಾಡಿ ಹೋದದ್ದೇ ಹೊರತು ತುಂಬಿದ ಲಾರಿ ಹೋದದ್ದಿಲ್ಲ. ಮೂವರು ಮೇಸ್ತ್ರಿಗಳು ನೋಡಿ ಸಹಿ ಹಾಕಿದ ಕಾಗದವನ್ನು ಸಂಕದ ತುದಿಯಲ್ಲಿ ತೋರಿಸಿದರೆ ಮಾತ್ರ ಲಾರಿ ದಾಟಿಸುತ್ತೇವೆ ಎಂದು ಕಚೇರಿಯವರು ಹೇಳಿ ಕಳಿಸಿದ್ದರು.

ದುರ್ಗಪ್ಪ ಎಂಟು ದಿನದಿಂದ ತಯಾರಿ ನಡೆಸಿದ್ದ. ಕೂಲಿಯವರನ್ನು ದೋಣಿಯಲ್ಲಿ ನಿಲ್ಲಿಸಿ, ಕಂಬಗಳಿಗೆ ಅಂಟಿದ ಚಿಪ್ಪಿಗಳನ್ನೆಲ್ಲ ಕೆರೆಸಿದ. ಯುದ್ಧಕ್ಕೆ ಮೊದಲಿನದೊಂದು ಡಾಂಬರಿನ ಡಬ್ಬವನ್ನು ಮಂಚದ ಕೆಳಗೆ ಮುಚ್ಚಿಟ್ಟಿದ್ದ. ಅದನ್ನು ತೆಗೆದು ಕಾಯಿಸಿ ಹಚ್ಚಿಸಿದ. ದೂರದಿಂದ ನೋಡಿದರೆ ಹನ್ನೆರಡೂ ಕಂಬಗಳು ಹೊಸ ಕೊಡೆಗಳ ಹಾಗೆ ಕರ್ರಗೆ ಮಿಂಚುತ್ತಿದ್ದವು.

ಗಂಗಿಗೆ ಆ ಕಂಬಗಳು ಕೆಳಗಿನಿಂದ ಗೊತ್ತಿದ್ದವು.

ಇಳಿತದ ಹೊತ್ತಿನಲ್ಲಿ ಹಳ್ಳ ಬತ್ತಿ ಕೆಸರಾದಾಗ ಬುಟ್ಟಿ ಹಿಡಿದು ಚಿಪ್ಪಿ ಕೀಳಲು ಇಳಿಯುವವರು ಹೆಂಗಸರೇ. ಸಂಕದ ಬುಡದಲ್ಲಿ ಚಿಪ್ಪಿ ದೊಡ್ಡದಾಗಿ ಬೆಳೆಯುತ್ತದೆ. ಆದರೆ ಕೊಕ್ಕೆ ತಾಗಿ ಕಂಬ ಹಾಳಾಗುತ್ತದೆಂದು ದುರ್ಗಪ್ಪ ಎರಡು ವರ್ಷದ ಹಿಂದೆಯೇ ಅದಕ್ಕೆ ತಡೆ ಹಾಕಿದ್ದ. ಮೇಸ್ತ್ರಿಯ ಮನೆಯ ಸೊಸೆಯೇ ಅದನ್ನು ಮೀರುವುದುಂಟೇ? ಮೀರಿದ್ದಳು. ಮಾವ ಕಾಗಾಲಕ್ಕೆ ಹೋದ ದಿನ, ಮನೆಯಲ್ಲಿ ಗಂಜಿಗೆ ನೆಂಚಿಕೊಳ್ಳಲು ಏನೂ ಇಲ್ಲದೆ, ಒಬ್ಬಳೇ ಇಳಿದಿದ್ದಳು. ನಾಲ್ಕನೆಯ ಕಂಬದ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ, ಒಂದು ದೊಡ್ಡ ಚಿಪ್ಪಿಗೆ ಕೊಕ್ಕೆ ಹಾಕಿ ಎಳೆದಾಗ ಚಿಪ್ಪಿಯ ಜತೆ ಅಂಗೈಯಷ್ಟು ಮರವೂ ಬಂತು. ಕೊಕ್ಕೆಯನ್ನು ಮತ್ತೆ ಚುಚ್ಚಿ ನೋಡಿದಳು. ಹಣ್ಣಾದ ಹಲಸಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಅದನ್ನು ಅವಳು ಹೇಳಿದ್ದು ಅತ್ತೆ ನಾಗಮ್ಮನಿಗೆ ಮಾತ್ರ. ಗಂಡ ದೇವು ಮಚ್ವೆಯ ಮೇಲೆ ಮುಂಬೈಗೆ ಹೋದವನು ಇನ್ನೂ ಬಂದಿರಲಿಲ್ಲ. ನಾಗಮ್ಮ ಮರದ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ, ಒಲೆಯ ಕಡೆಗೆ ಕೈ ಮಾಡಿದ್ದಳು.

"ಒಲೆಗೆ ಹಾಕು. ನೀ ಕಂಡದ್ದಿಲ್ಲ, ನಾ ಕೇಳದ್ದಿಲ್ಲ. ಇಪ್ಪತ್ತೆಂಟು ವರ್ಷ ಆ ಸಂಕದ ಮೇಲೆ ತಲೆ ಎತ್ತಿ ನಡೆದವ್ರು ಅವ್ರು. ಇನ್ನೊಂದೇ ವರ್ಷ ಅದೆ ಕೆಲಸ ಬಿಡೂಕೆ. ಸೊಸೆ ತಪ್ಪು ತೆಗದ್ಲು ಅಂದ್ರೆ ಊರ ಮೇಲೆ ಹೆಂಗೆ ತಿರುಗೂದು?"

ಗಂಗಿ ಒಲೆಗೆ ಹಾಕಲಿಲ್ಲ. ಅಟ್ಟದ ಮೇಲೆ, ಹಳೆಯ ಬುಟ್ಟಿಯೊಳಗೆ ಇಟ್ಟಳು. ಯಾಕೆ ಇಟ್ಟೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಹನ್ನೆರಡೂ ಕಂಬ ಮುಗಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಗಂಡಸರು ಕೈಕಾಲು ತೊಳೆದು ಜಗಲಿಗೆ ಬಂದರು. ಗಂಗಿ ಬಾಳೆಲೆ ಹಾಕಿದಳು, ನಾಗಮ್ಮ ಬಡಿಸಿದಳು. ಅನ್ನ ಕಡಿಮೆ, ಗೆಣಸು ಹೆಚ್ಚು. ಬಂಗಡೆ ಸಾರು ಮಾತ್ರ ಬೇಕಾದಷ್ಟಿತ್ತು.

"ಈಗ ಹೇಳಿ, ಯಾರ ಸಂಕ ಚಲೋ ಅದೆ?" ಎಂದು ದುರ್ಗಪ್ಪ ಗೆಣಸು ಮುರಿದ. "ಕಾಗಾಲದ್ದು ನೋಡಿದ್ದೆ. ದಡದ ಕಲ್ಲುಗೋಡೆ ಬಾಯಿ ಬಿಟ್ಕಂಡು ಕೂತಿತ್ತು. ಬೆರಳು ಹಾಕಿದ್ರೆ ಒಳಗಿಂದ ಏಡಿ ಕಚ್ತು."

"ಆ ಏಡಿ ನಿನ್ನ ಮೇಲೆ ಬಿಡೂಕೇ ಸಾಕ್ಕಂಡದ್ದು," ಎಂದ ತಿಮ್ಮಪ್ಪ. "ಆದ್ರೂ ಒಂದು ಮಾತು. ನೀ ತೋರ್ಸಿದ ಮೇಲೆ ಗಾರೆ ಹಾಕ್ಸಿದ್ದೆ. ಇಲ್ದಿದ್ರೆ ಬಪ್ಪೂ ಮಳೆಗೆ ಗೋಡೆ ಹೋತಿತ್ತು."

"ನನ್ನದ್ರಲ್ಲಿ ಎಂತ ಸಿಕ್ತು? ಎರಡು ಹಲಗೆ ಲಡ್ಡಾಗಿ ಪುಡಿ ಉದುರ್ತಿತ್ತು, ಅಷ್ಟೇ," ಎಂದ ಪಾಂಡು.

"ನಂದ್ರಲ್ಲಿ ಅದೂ ಇಲ್ಲ," ಎಂದು ದುರ್ಗಪ್ಪ ಮೀಸೆ ಒರೆಸಿಕೊಂಡ. "ಒಂದು ಮೊಳೆ ಅಲ್ಲಾಡಿದ್ರೆ ಹೇಳಿ, ಈ ಮೀಸೆ ಬೋಳ್ಸಿ ಕೈಯಲ್ಲಿ ಕೊಡ್ತೆ."

"ಅದು ತಕಂಡು ನಾ ಎಂತ ಮಾಡ್ಲಿ? ದೋಣಿ ಸಂದಿಗೆ ತುರ್ಕೂಕೂ ಸಾಲೂದಿಲ್ಲ," ಎಂದ ಪಾಂಡು. ಮೂವರೂ ನಕ್ಕರು. ಒಳಗೆ ನಾಗಮ್ಮನೂ ನಕ್ಕಳು. ಗಂಗಿ ಸಾರಿನ ಪಾತ್ರೆ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮಾವ ಹೀಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು.

ಊಟ ಮುಗಿಸಿ ಎಲೆ ತೆಗೆದ ಮೇಲೆ ತಿಮ್ಮಪ್ಪ ಚೀಲದಿಂದ ಕಾಗದ, ನೇರಳೆ ಬಣ್ಣ ಬಿಡುವ ಪೆನ್ಸಿಲು ತೆಗೆದ. ನಾಲಿಗೆಗೆ ತಾಗಿಸಿ ತಾಗಿಸಿ ಬರೆದ. ಗಂಗಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರ ಮರೆತಿರಲಿಲ್ಲ. ಬೆಲ್ಲದ ಚಹಾ ಇಡಲು ಬಗ್ಗಿದಾಗ ಓದಿಕೊಂಡಳು. ಹನ್ನೆರಡೂ ಕಂಬಗಳನ್ನು ಹೊಡೆದು ನೋಡಲಾಯಿತು. ಎಲ್ಲವೂ ಸರಿಯಿವೆ. ಅಕ್ಕಿಯ ಲಾರಿ ದಾಟಲು ಅಡ್ಡಿಯಿಲ್ಲ.

ತಿಮ್ಮಪ್ಪ ಸಹಿ ಹಾಕಿದ. ಪಾಂಡು ಮರಾಠಿಯವರ ಬಾಳಬೋಧ ಅಕ್ಷರದಲ್ಲಿ ಸಹಿ ಹಾಕಿದ. ಕಾಗದ ದುರ್ಗಪ್ಪನ ಕಡೆಗೆ ಸರಿಯಿತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು, ಪೆನ್ಸಿಲು ಹಿಡಿಯುವ ಮೊದಲು ಒಂದು ಗುಟುಕು ಚಹಾ ಕುಡಿದ.

ಗಂಗಿ ಒಳಗೆ ಹೋದಳು. ನಾಗಮ್ಮ ಪಾತ್ರೆ ತಿಕ್ಕಲು ಹಿತ್ತಿಲಿಗೆ ಹೋಗಿದ್ದಳು. ಗಂಗಿ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿ ಅಟ್ಟಕ್ಕೆ ಕೈ ಹಾಕಿದಳು. ಹೊರಗೆ ಬಂದು ಮರದ ಚೂರನ್ನು ಕಾಗದದ ಮೇಲೆ ಇಟ್ಟಳು.

ಪಾಂಡು ಅದನ್ನು ಎತ್ತಿಕೊಂಡ. ಅಂಗೈ ಮೇಲೆ ಇಟ್ಟು ತೂಗಿದ. "ಹತ್ತಿ ಇದ್ದಾಂಗೆ ಅದೆ," ಎಂದ. ಒಂದು ಮಗ್ಗುಲು ಜೇನುಗೂಡಿನಂತೆ ತೂತು ತೂತು. ತೂತಿನ ಒಳಗೆಲ್ಲ ಸುಣ್ಣ ಬಳಿದಂಥ ಬಿಳುಪು. "ಇದು ಹುಳದ ಕೆಲಸ ತಿಮ್ಮಪ್ಪಣ್ಣ. ಉಪ್ಪುನೀರಿನ ಹುಳ. ದೋಣಿಗೆ ಹತ್ತಿದ್ರೆ ಮುಗೀತು. ಹೊರಗೆ ಎಂತದೂ ಕಾಣೂದಿಲ್ಲ, ಒಳಗೆ ತಿಂದಿರ್ತದೆ."

"ಎಲ್ಲಿದು ತಂಗೀ?" ಎಂದು ಕೇಳಿದ ತಿಮ್ಮಪ್ಪ.

"ನಾಲ್ಕನೇ ಕಂಬ," ಎಂದಳು ಗಂಗಿ. ಅವಳಿಗೇ ಕೇಳಿಸದಷ್ಟು ಸಣ್ಣ ದನಿ. "ಬುಡದಲ್ಲಿ."

ದುರ್ಗಪ್ಪ ಚಹಾದ ಲೋಟ ಕೆಳಗಿಟ್ಟ.

"ಎಲ್ಲಿಂದಲೋ ತೇಲಿ ಬಂದದ್ದು ಅದು. ಕಡಲಲ್ಲಿ ಮುರಿದ ದೋಣಿ ಎಷ್ಟು ಬತ್ತದೆ."

ಪಾಂಡು ಚೂರನ್ನು ತಿರುಗಿಸಿದ. ಆಚೆಯ ಮಗ್ಗುಲಿನಲ್ಲಿ ಹಳೆಯ ಡಾಂಬರು, ಬಿರುಕು ಬಿಟ್ಟು ಕಪ್ಪಗೆ ಅಂಟಿಕೊಂಡಿತ್ತು. ಆ ಹಳ್ಳದಲ್ಲಿ ಡಾಂಬರು ಕಂಡ ಮರ ಸಂಕದ್ದು ಬಿಟ್ಟರೆ ಬೇರೆ ಇರಲಿಲ್ಲ. ಪಾಂಡು ಅದನ್ನು ಕಪ್ಪು ಮಗ್ಗುಲು ಮೇಲಾಗಿ ನೆಲದ ಮೇಲಿಟ್ಟ.

ದುರ್ಗಪ್ಪ ಸೊಸೆಯ ಮುಖ ನೋಡಲಿಲ್ಲ. ಅವಳ ಕಾಲಿನ ಕಡೆ ನೋಡಿ ಕೇಳಿದ. "ಸಂಕದ ಬುಡಕ್ಕೆ ಇಳೀಬೇಡ ಅಂದಿದ್ನಲ್ಲ?"

"ಹೌದು ಮಾವ."

"ಯಾವಾಗ ಇಳದೆ?"

"ನೀವು ಕಾಗಾಲಕ್ಕೆ ಹೋದ ದಿನ."

"ಎರಡು ತಿಂಗಳಾತು," ಎಂದ ದುರ್ಗಪ್ಪ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಾಗಮ್ಮ ಬೂದಿ ಮೆತ್ತಿದ ಕೈಯಲ್ಲೇ ನಿಂತಿದ್ದಳು. ದುರ್ಗಪ್ಪ ಅವಳನ್ನೊಮ್ಮೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು ಎಂಬುದು ಅವನಿಗೆ ಅಷ್ಟರಲ್ಲೇ ತಿಳಿಯಿತು.

"ಇಳಿತ ಎಷ್ಟೊತ್ತಿಗೆ?" ಎಂದು ತಿಮ್ಮಪ್ಪ ಕೇಳಿದ.

"ಐದು ಗಂಟೆಗೆ ಪೂರಾ ಇಳೀತದೆ," ಎಂದ ಪಾಂಡು.

ದುರ್ಗಪ್ಪ ಎದ್ದು ಹೋಗಿ ಸಂಕದ ತುದಿಯ ಕಲ್ಲಿನ ಮೇಲೆ ಕೂತ. ನೀರು ಇಳಿಯುವವರೆಗೂ ಅಲ್ಲೇ ಕೂತಿದ್ದ. ಕಾಸರಕೋಡಿನ ಕಡೆಯಿಂದ ಒಣಮೀನಿನ ಗಾಡಿಯೊಂದು ಬಂತು, ಗಾಡಿಯವನು ಎಂದಿನಂತೆ, "ಎಂತ ಮೇಸ್ತ್ರೀ, ಆರಾಮಾ?" ಎಂದ. ದುರ್ಗಪ್ಪ ಎದ್ದು ನಿಂತು, ಗಾಡಿಯನ್ನು ನಿಲ್ಲಿಸಿ, ಎತ್ತು ಬಿಚ್ಚಿಸಿ, ಬುಟ್ಟಿಗಳನ್ನು ಇಳಿಸಿ ಒಂದೊಂದಾಗಿ ಹೊರಿಸಿ ದಾಟಿಸಿದ. ಗಾಡಿಯವನು ಗೊಣಗುತ್ತ ಖಾಲಿ ಗಾಡಿಯನ್ನು ತಳ್ಳಿಕೊಂಡು ಹೋದ. ಅಂಗಳದಿಂದ ಅದನ್ನು ನೋಡುತ್ತಿದ್ದ ಗಂಗಿಗೆ, ಮಾವ ಇನ್ನೂ ಕಂಬ ನೋಡದಿದ್ದರೂ ನಂಬಿಬಿಟ್ಟಿದ್ದಾನೆ ಎನಿಸಿತು.

ಐದು ಗಂಟೆಗೆ ಹಳ್ಳದ ನಡುವೆ ಒಂದು ಸಣ್ಣ ಕಾಲುವೆ ಬಿಟ್ಟು ಉಳಿದದ್ದೆಲ್ಲ ಕೆಸರಾಗಿತ್ತು. ಮೂವರು ಪಂಚೆ ಎತ್ತಿ ಕಟ್ಟಿ ಇಳಿದರು. ತಿಮ್ಮಪ್ಪ ಎರಡನೆಯ ಹೆಜ್ಜೆಗೇ ತೊಡೆವರೆಗೆ ಹೂತುಹೋದ.

"ಅಯ್ಯಯ್ಯೋ, ಹಿಡೀ ಮಾರಾಯಾ! ಕುಮಟೆಗೆ ಬರೀ ತಲೆ ತಕಂಡು ಹೋತೆಯಾ?"

ಪಾಂಡು ರಟ್ಟೆ ಹಿಡಿದು ಎಳೆದ. ದಡದಲ್ಲಿ ನಿಂತಿದ್ದ ಗಂಗಿ ತಡೆಯಲಾರದೆ ಕೂಗಿದಳು. "ಅಲ್ಲಿ ಬ್ಯಾಡ! ಚಿಪ್ಪಿ ಕಾಣೂ ಕಡೆ ಕಾಲಿಡಿ. ಅಲ್ಲಿ ಕೆಳಗೆ ಗಟ್ಟಿ ಅದೆ."

ಮೂವರೂ ತಿರುಗಿ ನೋಡಿದರು. ತಿಮ್ಮಪ್ಪ ಕೆಸರು ಮೆತ್ತಿದ ಕೈಯಿಂದ ಕರೆದ. "ಹಾಂಗಾರೆ ನೀ ಮುಂದೆ ನಡಿ ತಂಗೀ."

ಗಂಗಿ ಸೀರೆ ಎತ್ತಿ ಸಿಕ್ಕಿಸಿ ಇಳಿದಳು. ಅವಳು ಕಾಲಿಟ್ಟಲ್ಲೇ ತಿಮ್ಮಪ್ಪ ಕಾಲಿಟ್ಟ, ಅವನ ಹಿಂದೆ ಪಾಂಡು, ಕೊನೆಗೆ ದುರ್ಗಪ್ಪ. ಸಂಕದ ಕೆಳಗೆ ತಂಪಾಗಿತ್ತು. ಕಂಬಗಳ ಮೇಲಿನ ಅರ್ಧ ಹೊಸ ಡಾಂಬರಿನಿಂದ ಹೊಳೆಯುತ್ತಿತ್ತು. ಅದರ ಕೆಳಗೆ, ಕೂಲಿಯವರ ಕೈ ಎಟುಕಿದಷ್ಟು ಉದ್ದಕ್ಕೆ, ಚಿಪ್ಪಿ ಕೆರೆದ ಬೋಳು ಮರ. ಒದ್ದೆಯ ಮೇಲೆ ಹಚ್ಚಿದ ಡಾಂಬರು ಅಲ್ಲಿ ನಿಂತಿರಲಿಲ್ಲ, ಒಂದೆರಡು ಭರತಕ್ಕೇ ತೊಳೆದುಹೋಗಿತ್ತು. ದುರ್ಗಪ್ಪ ಆ ಬೋಳು ಮರವನ್ನು ಬೆರಳಿನಿಂದ ಸವರಿ ಬೆರಳು ನೋಡಿಕೊಂಡ. ಕಪ್ಪು ಹತ್ತಲಿಲ್ಲ.

ಗಂಗಿ ನಾಲ್ಕನೆಯ ಕಂಬದ ಬುಡ ತೋರಿಸಿದಳು. ತಿಮ್ಮಪ್ಪ ಮೊದಲು ಎದೆಯ ಮಟ್ಟದಲ್ಲಿ ಹೊಡೆದ. ಟಣ್. ಆಮೇಲೆ ಬಗ್ಗಿ ಮೊಣಕಾಲಿನ ಕೆಳಗೆ ಹೊಡೆದ.

ದೊಬ್.

ಹಳೆಯ ಮಡಕೆಗೆ ಹೊಡೆದ ಸದ್ದು. ಪಾಂಡು ಉಳಿ ಇಟ್ಟು ಕೈಯಲ್ಲೇ ಒತ್ತಿದ. ಉಳಿ ಹಿಡಿಯವರೆಗೆ ಒಳಗೆ ಹೋಯಿತು. ತೆಗೆದಾಗ ತೂತಿನಿಂದ ನೀರು ಜಿನುಗಿತು, ಜತೆಗೆ ಬೆರಳುದ್ದದ ಬಿಳಿಯ ಮೆತ್ತನೆಯ ಹುಳವೊಂದು ಜಾರಿ ಕೆಸರಿಗೆ ಬಿತ್ತು.

"ಸರಿ," ಎಂದ ದುರ್ಗಪ್ಪ.

ತಿಮ್ಮಪ್ಪ ಸುತ್ತಿಗೆಯ ಹಿಡಿಗೆ ಅಂಟಿದ ಕೆಸರನ್ನು ನಿಧಾನವಾಗಿ ಒರೆಸಿದ. "ನಾವು ಯಾವಾಗ್ಲೂ ಭರತದಲ್ಲಿ ಎಂತಕ್ಕೆ ಹೊಡೆಯೂದು?"

"ದೋಣಿ ತೇಲಬೇಕಲ್ಲ," ಎಂದ ಪಾಂಡು.

"ದೋಣಿ ಎಂತಕ್ಕೆ ಬೇಕು? ನಡೆದು ಬಂದ್ವಲ್ಲ ಈಗ?"

ಉತ್ತರ ಕೊಟ್ಟವನು ದುರ್ಗಪ್ಪ. "ನಾ ಕೆಲಸಕ್ಕೆ ಸೇರಿದಾಗ ಒಬ್ಬ ಗೋರಾ ಸಾಹೇಬ ಬತ್ತಿದ್ದ. ಬೂಟಿಗೆ ಕೆಸರು ಹತ್ತಬಾರ್ದು ಅಂದೇಳಿ ಭರತ ನೋಡ್ಕಂಡೇ ಬತ್ತಿದ್ದ. ದೋಣಿ ಮೇಲೆ ಕುರ್ಚಿ ಹಾಕಿ ಕೂತು ಬೆತ್ತದಲ್ಲಿ ಕಂಬ ಕುಟ್ತಿದ್ದ. ಅವ ಹೋಗಿ ಇಪ್ಪತ್ತು ವರ್ಷ ಆತು. ನಾವು ಕುರ್ಚಿ ಒಂದು ಬಿಟ್ವು."

ನಗುವ ಮಾತೇ ಆಗಿತ್ತು. ಯಾರೂ ನಗಲಿಲ್ಲ.

"ನನ್ನ ಸಂಕಾನೂ ಹಾಂಗೇ ಹೊಡ್ದದ್ದು," ಎಂದ ಪಾಂಡು. "ಕಾಗಾಲದ್ದೂ."

"ಗೋಡೆ ಸಂದಿಗೆ ಬೆರಳು ಹಾಕಿ ದೊಡ್ಡ ಮಾತಾಡಿದೆ ನಾನು," ಎಂದ ದುರ್ಗಪ್ಪ. "ಕಂಬದ ಬುಡ ನೋಡ್ಲಿಲ್ಲ."

ಜಗಲಿಗೆ ಬಂದಾಗ ಕತ್ತಲಾಗುವುದರಲ್ಲಿತ್ತು. ನಾಗಮ್ಮ ದೀಪ ತಂದಿಟ್ಟಳು. ಕಾಗದ ಅಲ್ಲೇ ಇತ್ತು, ಎರಡು ಸಹಿಗಳ ಸಮೇತ. ತಿಮ್ಮಪ್ಪ ಅದನ್ನು ಎತ್ತಿ ಅಡ್ಡ ಮಡಚಿದ.

"ಹರ್ದು ಹಾಕ್ತೆ. ಹೊಸದು ಬರೆದ್ರೆ ಆತು. ಬೆಳಿಗ್ಗೆ ನೋಡಿದ್ದು ಯಾರಿಗೆ ಗೊತ್ತದೆ? ನಾವೇ ಮೂರು ಜನ."

"ಹರೀಬೇಡ," ಎಂದ ದುರ್ಗಪ್ಪ. "ಅದ್ರ ಕೆಳಗೇ ಬರಿ. ಭರತದಲ್ಲಿ ಹೊಡ್ದಾಗ ಸರಿ ಅಂದ್ವು, ಇಳಿತದಲ್ಲಿ ಹೊಡ್ದಾಗ ಪೊಳ್ಳು ಅಂತ. ಎರಡೂ ಇರ್ಲಿ. ಇಲ್ದಿದ್ರೆ ಬೇರೆ ಕಡೆಯವರು ದೋಣಿ ಮೇಲೇ ನಿಂತು ಹೊಡೀತಾ ಇರ್ತಾರೆ."

"ನಿನ್ನ ಮೇಲೆ ಬತ್ತದೆ ಮಾರಾಯಾ. ಇನ್ನೊಂದು ವರ್ಷ ಅದೆ ನಿಂಗೆ."

"ಬರ್ಲಿ."

"ಬಂದ್ರೆ ಮೂರೂ ಜನರ ಮೇಲೆ ಬರ್ಲಿ," ಎಂದ ಪಾಂಡು. "ಸಹಿ ಹಾಕದ್ದು ನಾವೂ ಅಲ್ದಾ?"

ತಿಮ್ಮಪ್ಪ ಪೆನ್ಸಿಲು ನಾಲಿಗೆಗೆ ತಾಗಿಸಿ ಬರೆದ. ಅವನು ಬರೆಯುತ್ತಿದ್ದಂತೆ ಮೂವರೂ ಮುಂದಿನ ಮಾತು ಆಡಿದರು. ಭಟ್ಕಳದ ದೋಣಿ ಕಟ್ಟುವ ಅಂಗಳದಲ್ಲಿ ಒಂದು ಜಂಬೆಯ ದಿಮ್ಮಿ ಬಿದ್ದಿದೆ, ಪಾಂಡು ಕೇಳಿ ತರಬಹುದು. ಹೊಳನಗದ್ದೆಯಲ್ಲಿ ತಿಮ್ಮಪ್ಪನ ಗುರುತಿನ ಕುಂಬಾರರು ಬಾವಿಗೆ ಇಳಿಸುವ ಮಣ್ಣಿನ ಬಳೆ ಮಾಡುತ್ತಾರೆ; ಹಸಿ ಇರುವಾಗಲೇ ಎರಡು ಹೋಳು ಮಾಡಿಸಿ ಸುಟ್ಟುಕೊಂಡರೆ, ಕಂಬದ ಬುಡಕ್ಕೆ ತೊಡಿಸಿ ನಡುವೆ ಸುಣ್ಣ ಮರಳು ತುಂಬಬಹುದು. ಹುಳ ಒಳಗೆ ಹೋಗಲು ದಾರಿ ಇರುವುದಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಒಂದು ಕಂಬಕ್ಕೆ ಮಾಡಿ ನೋಡುವುದು.

"ಪೊಳ್ಳು ಸಿಕ್ಕದ್ದು ಹೆಂಗೆ ಅಂತ ಬರೀಲಿ?" ಎಂದು ತಿಮ್ಮಪ್ಪ ಕೊನೆಗೆ ಕೇಳಿದ.

ದುರ್ಗಪ್ಪ ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಎಳೆದ. "ಚಿಪ್ಪಿ ಕೀಳೂವರು ಹೇಳಿದ್ರು ಅಂತ ಬರಿ," ಎಂದ. ಆಮೇಲೆ ಪೆನ್ಸಿಲು ತೆಗೆದುಕೊಂಡು ತನ್ನ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬಂತು. ಹಿಂದಿನ ಡ್ರಮ್ಮಿನಿಂದ ಹೊಗೆ ಬಿಡುತ್ತ ಸಂಕದ ತೆಂಕಣ ತುದಿಯಲ್ಲಿ ನಿಂತಿತು. ದುರ್ಗಪ್ಪ ಕೋಲಿಗೆ ಕೆಂಪು ವಸ್ತ್ರ ಕಟ್ಟಿ ಅಡ್ಡ ಹಿಡಿದು ನಿಂತಿದ್ದ. ಡ್ರೈವರ್ ಇಳಿದು ಬೈದ. ಅಕ್ಕಿಗಾಗಿ ಬೆಳಗಿನಿಂದ ಕಾದು ಕೂತವರೂ ಬೈದರು.

"ಇಪ್ಪತ್ತೆಂಟು ವರ್ಷ ಸಂಕ ಕಾಯ್ದದ್ದೋ, ಸಂಬಳ ಕಾಯ್ದದ್ದೋ?" ಎಂದು ಒಬ್ಬ ಕೇಳಿದ. ನಾಗಮ್ಮ ಅಂಗಳದಿಂದ ಕೇಳಿಸಿಕೊಂಡು ಒಳಗೆ ಹೋದಳು. ದುರ್ಗಪ್ಪ ಕೆಂಪು ವಸ್ತ್ರ ಕೆಳಗಿಳಿಸಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಪಾಂಡು ಮುಂಜಾನೆಯೇ ಕಾಸರಕೋಡಿಗೆ ಹೋಗಿ ನಾಲ್ಕು ಪಾತಿದೋಣಿ ತಂದಿದ್ದ. ತಿಮ್ಮಪ್ಪ ಬಡಗಣ ದಡದಲ್ಲಿ ಗಾಡಿಗಳನ್ನು ಸಾಲು ಹಿಡಿಸಿದ್ದ. ಏರುವ ಭರತದ ಮೇಲೆ ಚೀಲಗಳು ಒಂದೊಂದಾಗಿ ದಾಟಿದವು. ಮಧ್ಯಾಹ್ನದ ಹೊತ್ತಿಗೆ ಲಾರಿ ಖಾಲಿಯಾಯಿತು. ಹೋಗುವ ಮೊದಲು ತಿಮ್ಮಪ್ಪ ಗಂಗಿಯ ಹತ್ತಿರ ಬಂದು, ಕಾಗಾಲದ ಕಡೆ ಚಿಪ್ಪಿ ಕೀಳುವ ಹೆಂಗಸರನ್ನು ಏನೆಂದು ಕೇಳಬೇಕು, ಸೀದಾ ಕೇಳಿದರೆ ಹೇಳುತ್ತಾರೋ ಇಲ್ಲವೋ ಎಂದು ವಿಚಾರಿಸಿದ.

ಗಂಗಿ ಸ್ವಲ್ಪ ಯೋಚಿಸಿದಳು. "ಮೊದ್ಲು ಬೈಯೂದಿಲ್ಲ ಅಂತ ಹೇಳಿ," ಎಂದಳು.

ಸಂಜೆ ಇಳಿತದ ಹೊತ್ತಿಗೆ ಅವಳು ಬುಟ್ಟಿ, ಕೊಕ್ಕೆ ಹಿಡಿದು ಹಳ್ಳಕ್ಕೆ ಇಳಿದಳು. ಸಂಕದ ಬುಡಕ್ಕೆ ಹೋಗಬೇಕೆಂದು ಹೊರಟದ್ದಲ್ಲ. ಕೆಳಗಿನ ಬಂಡೆಗಳ ಕಡೆಗೆ. ಆದರೆ ಸಂಕದ ಕೆಳಗೆ ಮಾವ ನಿಂತಿದ್ದ. ಒಬ್ಬನೇ, ಪಂಚೆ ಎತ್ತಿ ಕಟ್ಟಿ, ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು. ಚಿಪ್ಪಿ ಇದ್ದ ಕಡೆಯೇ ಕಾಲಿಟ್ಟು ಹೋದ ಗುರುತು ಕೆಸರಿನಲ್ಲಿ ಕಾಣುತ್ತಿತ್ತು.

ಗಂಗಿ ನಿಂತಳು. ಹಿಂದೆ ಹೋಗಲೋ ಮುಂದೆ ಹೋಗಲೋ ತಿಳಿಯಲಿಲ್ಲ.

"ಬಾ ಇಲ್ಲಿ," ಎಂದ ದುರ್ಗಪ್ಪ. ಅವಳು ಹತ್ತಿರ ಬಂದಾಗ ಸುತ್ತಿಗೆಯ ಹಿಡಿಯನ್ನು ಅವಳ ಕಡೆ ಚಾಚಿದ. ಇಪ್ಪತ್ತೆಂಟು ವರ್ಷದಲ್ಲಿ ಮನೆಯವರು ಯಾರೂ ಮುಟ್ಟಿದ ಸುತ್ತಿಗೆಯಲ್ಲ ಅದು. "ಉಳದ ಕಂಬದ ಬುಡಾನೂ ನೋಡ್ವ. ಈ ಏಳನೇದು ಹೊಡಿ. ನನ್ನ ಸಂಕ ನಾ ಹೊಡೆಯೂ ಹಾಂಗಿಲ್ಲ."

ಗಂಗಿ ಬುಟ್ಟಿ ಕೆಳಗಿಟ್ಟಳು. ಸುತ್ತಿಗೆ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಮೊಣಕಾಲಿಗಿಂತ ಕೆಳಗೆ ಹೊಡೆದಳು.

ದುರ್ಗಪ್ಪ ಕಂಬಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದ. ಕೆಸರು ಅವನ ಕೆನ್ನೆಗೆ ಹತ್ತಿತ್ತು.

"ಇನ್ನೊಂದು," ಎಂದ.

ಅವಳು ಹೊಡೆದಳು. ಭರತ ತಿರುಗಿತ್ತು, ಕಾಲುವೆಯ ನೀರು ಸದ್ದಿಲ್ಲದೆ ಹರಡಿ ಬಂದು ಇಬ್ಬರ ಪಾದಗಳನ್ನು ಮುಟ್ಟಿತು. ಅವನು ಕಿವಿ ತೆಗೆಯಲಿಲ್ಲ. ಅವಳು ಮತ್ತೆ ಸುತ್ತಿಗೆ ಎತ್ತಿದಳು.